ಗುಬ್ಬಿಯಿಂದ ತುಮಕೂರು ಯೂನಿವರ್ಸಿಟಿಗೆ ಓಡಾಡ್ತೀನಿ, ನೋಟ್ಸ್ ನಾಲ್ಕೈದು ಸಲ ಓದಿದ್ರೂ ಎಕ್ಸಾಮಲ್ಲಿ ಯಾಕೆ ನೆನಪಾಗಲ್ಲ?

ಓದೋದನ್ನ ಅಭ್ಯಾಸ ಮಾಡಿದೀರ, ನೆನಪು ಮಾಡ್ಕೊಳ್ಳೋದನ್ನ ಮಾಡಿಲ್ಲ, ಅದೇ ಕಾರಣ. ಪದೇ ಪದೇ ಓದಿದ್ರೆ ಸಾಲುಗಳು ಪರಿಚಯ ಆಗಿ ಎಲ್ಲಾ ಗೊತ್ತು ಅನ್ಸಿಬಿಡುತ್ತೆ, ಆದ್ರೆ ಪುಸ್ತಕ ನೋಡದೆ ತಡಕಾಡಿ ನೆನೆಸ್ಕೊಂಡಾಗ್ಲೇ ಅದು ಗಟ್ಟಿಯಾಗೋದು.

2006ರಲ್ಲಿ ರೋಡಿಗರ್, ಕಾರ್ಪಿಕೆ ಅನ್ನೋ ಮನಶ್ಶಾಸ್ತ್ರಜ್ಞರು ಅಮೆರಿಕದ ವಿದ್ಯಾರ್ಥಿಗಳ ಮೇಲೆ ಇದನ್ನ ಪರೀಕ್ಷೆ ಮಾಡಿದ್ರು. ನಾಲ್ಕು ಸುತ್ತೂ ಬರೀ ಓದಿದೋರಿಗೆ ವಾರದ ನಂತ್ರ ಸುಮಾರು 40% ನೆನಪಿತ್ತು, ಒಂದು ಸುತ್ತು ಓದಿ ಮೂರು ಸುತ್ತು ನೋಡದೆ ಬರೆದೋರಿಗೆ 61%, ಇದು ಸಣ್ಣ ವ್ಯತ್ಯಾಸ ಅಲ್ಲ.

ಒಂದು ಪೇಜ್ ಓದಿ, ನೋಟ್ಸ್ ಮುಚ್ಚಿ, ಖಾಲಿ ಹಾಳೇಲಿ ನೆನಪಿರೋದನ್ನ ಬರೀರಿ, ಬಿಟ್ಟೋಗಿದ್ದನ್ನ ಕೆಂಪು ಪೆನ್ನಲ್ಲಿ ಸೇರ್ಸಿ, ಮಾರನೇ ದಿನ ಬಸ್ಸಲ್ಲಿ ಆ ಕೆಂಪು ಭಾಗನ ಮಾತ್ರ ಹಾಳೆ ತೆಗೀದೇ ಮನಸ್ಸಲ್ಲಿ ಹೇಳ್ಕೊಳ್ಳಿ.