ಸ್ಕ್ರ್ಯಾಬಲ್‌ನಲ್ಲಿ ಕ್ಯೂ, ಝಡ್ ಬಂದರೆ ಪದ ಹುಡುಕುವುದು ಹೇಗೆ?

ಪುಣೆಯ ಸೊಸೈಟಿಯಲ್ಲಿ ಅಕ್ಕಪಕ್ಕದವರ ಜೊತೆ ಸ್ಕ್ರ್ಯಾಬಲ್ ಆಡ್ತೀನಿ, ಓದಿದ್ದು ಕನ್ನಡ ಮೀಡಿಯಂ, ಕ್ಯೂ, ಝಡ್ ಥರದ ಅಕ್ಷರ ಬಂದರೆ ಸುಮ್ಮನೆ ಕೂರಬೇಕಾಗುತ್ತೆ, ಬೇಕಾದ ಅಕ್ಷರ ಇರೋ ಇಂಗ್ಲಿಷ್ ಪದ ಹುಡುಕೋದು ಹೇಗೆ ಅಂತ ಕೇಳಿದ್ದೀರಿ. (ಗೊತ್ತಿಲ್ಲದವರಿಗೆ: ಅಕ್ಷರದ ಬಿಲ್ಲೆಗಳನ್ನು ಬೋರ್ಡ್ ಮೇಲೆ ಜೋಡಿಸಿ ಪದ ಮಾಡಿ ಅಂಕ ಗಳಿಸುವ ಆಟ ಇದು.) ನಾನೂ ಹುಬ್ಬಳ್ಳಿ ಕಡೆಯ ಕನ್ನಡ ಶಾಲೆಯವನೇ, ಈಗ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೀನಿ. ಮೀಡಿಯಂ ಚಿಂತೆ ಮೊದಲು ಬಿಡಿ. ನಮ್ಮ ಬಿಲ್ಡಿಂಗಿನ ಭಾನುವಾರದ ಆಟದಲ್ಲಿ ಕಾನ್ವೆಂಟ್ ಹುಡುಗರು ಉದ್ದುದ್ದ ಪದಕ್ಕೆ ಕಾಯುತ್ತಾ ಕೂತಿರುತ್ತಾರೆ. ಗೆಲ್ಲುವವರು ರೈಲ್ವೆಯಿಂದ ರಿಟೈರ್ ಆದ ಮರಾಠಿ ಕಾಕಾ. ಅವರ ಬಂಡವಾಳವೆಲ್ಲ ಎರಡಕ್ಷರದ ಪದಗಳು.

ನೀವೂ ಅಲ್ಲಿಂದಲೇ ಶುರು ಮಾಡಿ. ಆಟದಲ್ಲಿ ನಡೆಯುವ ಎರಡಕ್ಷರದ ಇಂಗ್ಲಿಷ್ ಪದಗಳು ನೂರರ ಮೇಲೆ ಸ್ವಲ್ಪ, ಅಷ್ಟೇ. ಒಂದೇ ಹಾಳೆಯಲ್ಲಿ ಹಿಡಿಸುತ್ತವೆ. ನಾನು ಅದರ ಫೋಟೋ ಫೋನಿನಲ್ಲಿ ಇಟ್ಟುಕೊಂಡು, ಫಾಸ್ಟ್ ಲೋಕಲ್‌ನಲ್ಲಿ ಒಂದು ಕೈ ಹಿಡಿಕೆಗೆ ಕೊಟ್ಟು ನಿಂತಾಗ ಓದಿ ಓದಿ ಬಾಯಿಪಾಠ ಮಾಡಿದೆ. ಕ್ಯೂಗೆ ಕ್ಯೂ-ಐ ಇದೆ, ಝಡ್‌ಗೆ ಝಡ್-ಎ, ಜೆಗೆ ಜೆ-ಓ. ಎಕ್ಸ್ ಅಂತೂ ಪುಣ್ಯಾತ್ಮ: ಎ-ಎಕ್ಸ್, ಇ-ಎಕ್ಸ್, ಓ-ಎಕ್ಸ್ ಕೂಡ ಆಗುತ್ತದೆ, ಎಕ್ಸ್-ಐ, ಎಕ್ಸ್-ಯು ಕೂಡ ಆಗುತ್ತದೆ. ನಿಜವಾದ ತಲೆನೋವು ವಿ. ಅದನ್ನಿಟ್ಟು ಎರಡಕ್ಷರದ ಪದ ಒಂದೂ ಆಗುವುದಿಲ್ಲ. ನನ್ನನ್ನು ಕೇಳಿದರೆ ಕ್ಯೂಗಿಂತ ವಿಗೆ ಹೆದರಬೇಕು.

ಇಷ್ಟು ಚಿಕ್ಕ ಪದದಿಂದ ಏನು ಸಿಗುತ್ತೆ ಅನ್ನಬೇಡಿ. ಕ್ಯೂಗೆ 10 ಅಂಕ, ಐಗೆ 1. ಅಕ್ಷರದ ಬೆಲೆ ಮೂರು ಪಟ್ಟಾಗುವ ಚೌಕದ ಮೇಲೆ ಕ್ಯೂ ಕೂತು, ಅಡ್ಡಕ್ಕೂ ಕೆಳಕ್ಕೂ ಕ್ಯೂ-ಐ ಆಯಿತು ಅಂದುಕೊಳ್ಳಿ. ಆ ಕಡೆ 31, ಈ ಕಡೆ 31, ಒಟ್ಟು 62. ಕಾಕಾ ಇದನ್ನು ಮಾಡಿ ಚಹಾ ಕುಡಿಯುತ್ತಾ ಕೂತರೆ ಉಳಿದವರ ಮುಖ ನೋಡಬೇಕು.

ಕ್ಯೂ ಬಂದರೆ ಯು ಬರಲಿ ಅಂತ ಕಾಯಲೂಬೇಡಿ. ಫಕೀರ, ತಲಾಕ್, ಕವ್ವಾಲಿ ಇವನ್ನೆಲ್ಲ ಕ್ಯೂ ಹಾಕಿ, ಯು ಇಲ್ಲದೆ ಬರೆದರೂ ಕಾಲಿನ್ಸ್ ಪಟ್ಟಿಯಲ್ಲಿ, ಅಂದರೆ ಆಟಕ್ಕೆ ಒಪ್ಪಿದ ಪದಗಳ ಒಂದು ಪಟ್ಟಿಯಲ್ಲಿ, ನಡೆಯುತ್ತದೆ. ಈ ವಿಷಯದಲ್ಲಿ ನಮ್ಮ ಕಡೆಯವರಿಗೆ ಲಾಭವೇ.

ಇನ್ನು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಹುಡುಕುವ ವಿಷಯ. ಏನು ಹುಡುಕುತ್ತಿದ್ದೀವಿ ಅನ್ನೋದು ಸ್ಪಷ್ಟ ಇಲ್ಲದಿದ್ದರೆ ಸಾವಿರಾರು ಪದ ಬಂದು ಬೀಳುತ್ತವೆ, ಒಂದೂ ಉಪಯೋಗಕ್ಕೆ ಬರುವುದಿಲ್ಲ. ‘ಝಡ್ ಇರುವ ಪದ’ ಅಂತ ಕೇಳಿದರೆ ಆಗುವುದು ಅದೇ. ನಿಮ್ಮ ಕೈಯಲ್ಲಿರುವ ಏಳು ಅಕ್ಷರ, ಅದರ ಜೊತೆ ಬೋರ್ಡ್ ಮೇಲಿನ ಒಂದು ಅಕ್ಷರ, ಇಷ್ಟರಲ್ಲೇ ಆಗುವ ಪದ ಬೇಕು. ಅದಕ್ಕೆ ಅಕ್ಷರ ಕಲಸಿ ಪದ ಕೊಡುವ ಸಾಧನವೇ ಬೇರೆ. ಪತ್ರಿಕೆಯ ಕ್ರಾಸ್‌ವರ್ಡಿನಲ್ಲಿ ಹಾಗಲ್ಲ, ಅಲ್ಲಿ ಯಾವ ಅಕ್ಷರ ಎಷ್ಟನೆಯ ಜಾಗದಲ್ಲಿದೆ ಅನ್ನುವುದು ಮೊದಲೇ ಗೊತ್ತಿರುತ್ತದೆ. ಅದಕ್ಕೆ ಒನ್‌ಲುಕ್ ಅನ್ನುವ ವೆಬ್‌ಸೈಟ್ ಒಳ್ಳೆಯದು: ಗೊತ್ತಿಲ್ಲದ ಒಂದೊಂದು ಅಕ್ಷರಕ್ಕೆ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಎಷ್ಟು ಅಕ್ಷರ ಅಂತಲೇ ಗೊತ್ತಿಲ್ಲದಿದ್ದರೆ ನಕ್ಷತ್ರ ಚಿಹ್ನೆ. ಕೊನೆಗೆ ಕೋಲನ್ ಇಟ್ಟು ಅರ್ಥದ ಸುಳಿವನ್ನೂ ಇಂಗ್ಲಿಷಿನಲ್ಲಿ ಬರೆದರೆ ಅದಕ್ಕೆ ಹತ್ತಿರದ ಪದಗಳನ್ನು ಮೊದಲು ತೋರಿಸುತ್ತದೆ. ವರ್ಡಲ್ ಅನ್ನುವ ಪದ ಊಹಿಸುವ ಆಟ ಆಡುವವರಿಗೆ ಇದೂ ಸಾಲದು, ಬೂದು ಬಣ್ಣ ಬಂದ, ಅಂದರೆ ಪದದಲ್ಲಿ ಇಲ್ಲದ ಅಕ್ಷರಗಳನ್ನು ತೆಗೆದುಹಾಕುವ ಸೌಲಭ್ಯವೂ ಬೇಕು; ಅದೂ ಒನ್‌ಲುಕ್‌ನಲ್ಲಿ ಇದೆ.

ಆಟ ನಡೆಯುವಾಗ ಮಾತ್ರ ಫೋನ್ ಮುಟ್ಟಬೇಡಿ. ಆಟ ಮುಗಿದ ಮೇಲೆ, ಎಲ್ಲಿ ಸಿಕ್ಕಿಹಾಕಿಕೊಂಡಿರೋ ಆ ಏಳು ಅಕ್ಷರ ಹಾಕಿ ನೋಡಿ. ಹಾಗೆ ಸಿಕ್ಕ ಪದ ಮರೆಯುವುದಿಲ್ಲ. ಆಡುವಾಗ ಬೇಕಾದ್ದು ಕೈಚಳಕ. ಬಿಲ್ಲೆಗಳನ್ನು ಸುಮ್ಮನೆ ನೋಡುತ್ತಾ ಕೂರದೆ ಅದಲು ಬದಲು ಮಾಡುತ್ತಲೇ ಇರಿ. ಐ-ಎನ್-ಜಿ, ಇ-ಡಿ, ಇ-ಆರ್ ಇದ್ದರೆ ಬಲಕ್ಕೆ ಸರಿಸಿ, ಆರ್-ಇ, ಯು-ಎನ್ ಇದ್ದರೆ ಎಡಕ್ಕೆ. ಉಳಿದ ಮೂರು ನಾಲ್ಕು ಅಕ್ಷರ ನೋಡುವುದು ಸುಲಭ. ಆರ್, ಇ, ಟಿ, ಎ, ಐ, ಎನ್, ಎಸ್ ಈ ಏಳು ಕೈಗೆ ಬಂದರೆ ರಿಟೇನ್ಸ್, ನಾಸ್ಟಿಯರ್, ಸ್ಟೇನರ್, ರೆಟಿನಾಸ್ ಎಲ್ಲಾ ಆಗುತ್ತವೆ, ಮತ್ತೆ ಏಳೂ ಒಟ್ಟಿಗೆ ಇಳಿಸಿದ್ದಕ್ಕೆ 50 ಅಂಕ ಮೇಲೆ. ಅದಕ್ಕೇ ಎಸ್ ಬಂದ ಕೂಡಲೇ ಖರ್ಚು ಮಾಡಬಾರದು, 100 ಬಿಲ್ಲೆಯಲ್ಲಿ ಅದು ಇರುವುದು ನಾಲ್ಕೇ.

ಆಟ ಶುರು ಮಾಡುವ ಮುಂಚೆ ಯಾವ ಪಟ್ಟಿ ಅಂತ ಎಲ್ಲರೂ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಜಗಳ ಗ್ಯಾರಂಟಿ. ಅಮೆರಿಕದವರದ್ದು ಬೇರೆ, ನಮ್ಮಲ್ಲಿ ಟೂರ್ನಮೆಂಟಿಗೆ ಕಾಲಿನ್ಸ್. ಝಡ್-ಓ ಕಾಲಿನ್ಸ್‌ನಲ್ಲಿ ಸರಿ, ಅಮೆರಿಕದ ಪಟ್ಟಿಯಲ್ಲಿ ತಪ್ಪು. ಊರಿನ ಹೆಸರು ಎರಡರಲ್ಲೂ ನಡೆಯುವುದಿಲ್ಲ. ಆದರೆ ನೀವು ಜಿ-ಓ-ಎ ಇಟ್ಟಾಗ ಯಾರಾದರೂ ‘ಗೋವಾ ಊರಿನ ಹೆಸರು, ತೆಗೀರಿ’ ಅಂದರೆ ತೆಗೆಯಬೇಡಿ. ಟಿಬೆಟಿನ ಒಂದು ಜಾತಿಯ ಜಿಂಕೆಗೆ ಅದೇ ಹೆಸರಿದೆ, ಪಟ್ಟಿ ತೆಗೆದು ತೋರಿಸಿ.