ಮಡಿಕೇರಿಯ ಮಳೆಗೆ ಹಳದಿ ಪೈನ್ ತಡೆದೀತೇ?

ಪ್ರಶ್ನೆ: ಮಡಿಕೇರಿ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಹಳೆಯ ಹಂಚಿನ ಮನೆಯನ್ನು ದುರಸ್ತಿ ಮಾಡಿಸಿ, ಪಕ್ಕದಲ್ಲೇ ಹೋಂಸ್ಟೇಗೆಂದು ಎರಡು ಕೋಣೆ ಕಟ್ಟಿಸುತ್ತಿದ್ದೇವೆ. ತೇಗದ ಬೆಲೆ ನಮ್ಮ ಕೈಗೆ ಎಟುಕುತ್ತಿಲ್ಲ. ಮರದ ವ್ಯಾಪಾರಿಯೊಬ್ಬರು ಅಮೆರಿಕದ ಹಳದಿ ಪೈನ್ ತೋರಿಸಿ, ಮಾಡು, ಮುಚ್ಚಿಗೆ, ಕಿಟಕಿ, ಬಾಗಿಲು, ಹೊರಗಿನ ಜಗಲಿ ಎಲ್ಲಕ್ಕೂ ಇದೇ ಸಾಕು ಎನ್ನುತ್ತಾರೆ. ನಂಬಬಹುದೇ? ಉಳಿಯುವ ತುಂಡುಗಳನ್ನು ಬಚ್ಚಲೊಲೆಗೆ ಹಾಕಬಹುದೇ?

ಉತ್ತರ: ಮನೆಯೊಳಗಿನ ಕೆಲಸಕ್ಕೆ ಧೈರ್ಯವಾಗಿ ಬಳಸಿ. ಹೊರಗಿನ ಜಗಲಿಗಾದರೆ, ಒತ್ತಡದಲ್ಲಿ ಸಂರಕ್ಷಕ ದ್ರಾವಣ ತುಂಬಿಸಿದ ಮರವೆಂದು ಖಾತ್ರಿಯಾದ ಮೇಲೆ ಮಾತ್ರ ಒಪ್ಪಿಕೊಳ್ಳಿ. ಈ ವ್ಯತ್ಯಾಸ ಏಕೆ ಎಂಬುದು ಮರದ ಸ್ವಭಾವದಲ್ಲೇ ಇದೆ.

ಹಳದಿ ಪೈನ್ ಎಂದು ಮಾರಾಟವಾಗುವುದು ಒಂದೇ ಜಾತಿಯ ಮರವಲ್ಲ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಬೆಳೆಯುವ ಲಾಂಗ್‌ಲೀಫ್, ಶಾರ್ಟ್‌ಲೀಫ್, ಲಾಬ್‌ಲಾಲಿ ಮತ್ತು ಸ್ಲ್ಯಾಶ್ ಎಂಬ ಪೈನ್‌ಗಳನ್ನು ಒಟ್ಟಾಗಿ ಹಾಗೆ ಕರೆಯುತ್ತಾರೆ. ಒಣಗಿದ ಮರ ಘನಮೀಟರಿಗೆ ಸುಮಾರು 570ರಿಂದ 650 ಕಿಲೋ ತೂಗುತ್ತದೆ, ಬಾಗುವ ಬಲದಲ್ಲಿ ತೇಗಕ್ಕೆ ತೀರಾ ಹಿಂದೆ ಬೀಳುವುದಿಲ್ಲ. ಆ ದೇಶದಲ್ಲಿ ಮನೆಯ ಚೌಕಟ್ಟು, ತೊಲೆ, ಮಾಡಿನ ಕೈಮರ, ನೆಲಹಾಸು, ಪ್ಲೈವುಡ್, ವಿದ್ಯುತ್ ಕಂಬ, ರೈಲು ಹಳಿಯ ಅಡಿಮರ, ಕಡಲತೀರದ ಗೂಟ, ಕಂದುಬಣ್ಣದ ಪೊಟ್ಟಣದ ಕಾಗದ, ಇಷ್ಟಕ್ಕೂ ಇದೇ ಮರ ಒದಗುತ್ತದೆ. ಇದರ ಅಂಟಿನಿಂದ ಟರ್ಪೆಂಟೈನ್ ಮತ್ತು ರಾಳ ಸಿಗುತ್ತವೆ. ಪಿಟೀಲಿನ ಕಮಾನಿಗೆ ಉಜ್ಜುವ ರಾಳವೂ ಪೈನ್ ಮರಗಳದ್ದೇ.

ಆದರೆ ಹಿಂದಿನ ಹಳದಿ ಪೈನಿನ ಖ್ಯಾತಿಯನ್ನು ನೋಡಿ ಇಂದಿನದನ್ನು ಕೊಳ್ಳಬಾರದು. 19ನೇ ಶತಮಾನದಲ್ಲಿ ಗಿರಣಿಗಳಿಗೂ ಹಡಗುಗಳಿಗೂ ಹೋದದ್ದು ಹಳೆಯ ಕಾಡಿನ ಲಾಂಗ್‌ಲೀಫ್ ಮರ. ನಿಧಾನವಾಗಿ ಬೆಳೆದು, ಒತ್ತೊತ್ತಾದ ಉಂಗುರಗಳೂ ಅಂಟು ತುಂಬಿದ ಚೇಗೂ (ಕಾಂಡದ ನಡುವಿನ ಗಟ್ಟಿ ಭಾಗ) ಇದ್ದ ಮರ ಅದು. ಆ ಕಾಡಿನ ಬಹುಭಾಗ ಈಗ ಉಳಿದಿಲ್ಲ. ಇಂದು ಬರುವುದು ಹೆಚ್ಚಾಗಿ ನೆಡುತೋಪಿನಲ್ಲಿ ಬೇಗ ಬೆಳೆದ ಮರವಾದ್ದರಿಂದ ಅದರಲ್ಲಿ ಚೇಗು ಕಡಿಮೆ, ಸುತ್ತಲಿನ ಬಿಳಿಭಾಗವೇ ಹೆಚ್ಚು. ಈ ಬಿಳಿಭಾಗಕ್ಕೆ ಗೆದ್ದಲು, ಕೊರಕ ಹುಳು, ಬೂಷ್ಟು ಮೂರೂ ಬೇಗ ಹಿಡಿಯುತ್ತವೆ. ಆದರೆ ದ್ರಾವಣವನ್ನು ಒಳಕ್ಕೆ ಆಳವಾಗಿ ಹೀರಿಕೊಳ್ಳುವುದೂ ಇದೇ ಭಾಗ. ಹೊರಗಿನ ಬಳಕೆಯಲ್ಲಿ ಈ ಮರಕ್ಕೆ ಬೆಲೆ ಬಂದಿರುವುದು ಆ ಗುಣದಿಂದಲೇ ಎಂದು ನಾನು ತಿಳಿಯುತ್ತೇನೆ.

ಮರವನ್ನು ನೋಡಿ ಆರಿಸಿಕೊಳ್ಳುವುದು ಕಷ್ಟವಲ್ಲ. ಹಲಗೆಯ ಕತ್ತರಿಸಿದ ತುದಿಯಲ್ಲಿ ತಿಳಿಹಳದಿ ಪಟ್ಟಿಯ ಪಕ್ಕದಲ್ಲೇ ಕೆಂಗಂದು ಪಟ್ಟಿ ಎದ್ದು ಕಾಣಬೇಕು. ಉಗುರು ಒತ್ತಿದರೆ ಹಳದಿ ಪಟ್ಟಿಯಲ್ಲಿ ಗುರುತು ಮೂಡುತ್ತದೆ, ಕಂದು ಪಟ್ಟಿಯಲ್ಲಿ ಸುಲಭಕ್ಕೆ ಮೂಡುವುದಿಲ್ಲ. ಹೊಸದಾಗಿ ಕೊಯ್ದಲ್ಲಿ ಟರ್ಪೆಂಟೈನ್ ವಾಸನೆ ಬರುತ್ತದೆ. ಹಲಗೆಯ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆಯೂ ‘ಎಚ್‌ಟಿ’ ಅಕ್ಷರಗಳೂ ಕಂಡರೆ, ಅದು ಸರಕು ಸಾಗಿಸುವ ಪ್ಯಾಲೆಟ್ ಬಿಚ್ಚಿದ ಮರವೆಂದು ತಿಳಿಯಿರಿ. ಮರದ ಒಳಭಾಗ 56 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕನಿಷ್ಠ 30 ನಿಮಿಷ ಇರುವಂತೆ ಕಾಯಿಸಿ, ಒಳಗಿದ್ದ ಹುಳುಗಳನ್ನು ಕೊಂದಿದ್ದಾರೆ ಎಂದಷ್ಟೇ ಅದರ ಅರ್ಥ. ನಾಳೆ ನಿಮ್ಮ ತೋಟದಿಂದ ಏರಿಬರುವ ಗೆದ್ದಲನ್ನು ಆ ಮುದ್ರೆ ತಡೆಯುವುದಿಲ್ಲ. ‘ಎಂಬಿ’ ಎಂದಿದ್ದರೆ ಅದು ಮೀಥೈಲ್ ಬ್ರೋಮೈಡ್ ಅನಿಲಕ್ಕೆ ಒಡ್ಡಿದ ಮರ. ಅದನ್ನು ಮನೆಯೊಳಕ್ಕೆ ತರಬೇಡಿ.

ಇನ್ನು ನಿಮ್ಮ ಕಟ್ಟಡದ ವಿಚಾರ. ಮುಚ್ಚಿಗೆ, ಒಳಬಾಗಿಲು, ಕಪಾಟು, ಮಂಚಗಳಿಗೆ ಹಳದಿ ಪೈನ್ ಚೆನ್ನಾಗಿ ಒಪ್ಪುತ್ತದೆ. ಬಿಸಿಗೂಡಿನಲ್ಲಿ (ಕಿಲ್ನ್) ಒಣಗಿಸಿದ ಮರವನ್ನೇ ಕೇಳಿ, ಮಳೆಗಾಲಕ್ಕೆ ಮೊದಲೇ ತಂದು ಒಳಗೆ ಜೋಡಿಸಿಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ; ಜಡಿಮಳೆಯ ಕಕ್ಕಡ ತಿಂಗಳಲ್ಲಿ ಗಾಳಿಯ ತೇವಕ್ಕೇ ಮರ ಉಬ್ಬುವುದರಿಂದ ಬಾಗಿಲಿನ ಅಂಚಿಗೂ ಚೌಕಟ್ಟಿಗೂ ನಡುವೆ ಸ್ವಲ್ಪ ಜಾಗ ಬಿಡಿಸಿ. ಗಂಟುಗಳಿಂದ ಅಂಟು ಒಸರಿ ಬಣ್ಣವನ್ನು ಕಲೆ ಮಾಡುತ್ತದೆ, ಆದ್ದರಿಂದ ಮೊದಲು ಅವುಗಳ ಮೇಲೆ ಅರಗಿನ ಪಾಲಿಶ್ ಎಳೆಸಬೇಕು.

ಮಾಡಿಗೆ ಇದರ ಬಲ ಸಾಕು. ಆದರೆ ತೊಲೆಯ ನಡುಭಾಗದಲ್ಲಿ, ಕೆಳಅಂಚಿಗೆ ದೊಡ್ಡ ಗಂಟು ಬರುವಂತೆ ಇಡಲೇಬಾರದು. ಭಾರ ಬಿದ್ದಾಗ ಅತಿ ಹೆಚ್ಚು ಎಳೆತ ಬೀಳುವುದು ಅಲ್ಲಿ. ಹಂಚಿನಡಿಯ ಪಕಾಸುಗಳು ಸಾಮಾನ್ಯವಾಗಿ ಕೊಳೆಯತೊಡಗುವುದು ಸೂರಿನ ತುದಿಯಿಂದ, ಏಕೆಂದರೆ ಗಾಳಿಮಳೆಯ ಎರಚಲು ಬಂದು ಬಡಿಯುವುದು ಅದಕ್ಕೇ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ಉಪಚಾರ ಒಳಗಿನ ಮರವನ್ನು ಹುಳುವಿನಿಂದ ಚೆನ್ನಾಗಿ ಕಾಯುತ್ತದೆ, ಆದರೆ ನೀರು ತಗಲುತ್ತಿದ್ದರೆ ಕ್ರಮೇಣ ತೊಳೆದುಹೋಗುತ್ತದೆ. ಸೂರಿನ ಭಾಗಕ್ಕೆ ತಾಮ್ರಯುಕ್ತ ದ್ರಾವಣ ತುಂಬಿಸಿದ ಪೈನ್ ಬೇಕು, ಇಲ್ಲವೇ ಹೊನ್ನೆಯ ಚೇಗು ಆಗಬೇಕು. ನಿಮ್ಮ ಹಳೆಯ ಮಾಡಿನಿಂದ ಇಳಿಸಿದ ಗಟ್ಟಿ ಮರವಿದ್ದರೆ ಅದನ್ನೇ ಇಲ್ಲಿಗೆ ಬಳಸಿ. ಅದನ್ನು ಸೌದೆಗೆ ಹಾಕುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೊರಗಿನ ಜಗಲಿಯ ಮರಕ್ಕೆ ಬ್ರಷ್ಷಿನಿಂದ ಔಷಧಿ ಬಳಿದರೆ ಸಾಲದು. ನಿರ್ವಾತದಲ್ಲಿ ಗಾಳಿ ತೆಗೆದು, ಒತ್ತಡದಲ್ಲಿ ದ್ರಾವಣ ನುಗ್ಗಿಸಿದ ಮರವೇ ಆಗಬೇಕು. ಸಂರಕ್ಷಣೆಯ ವಿಧಾನಗಳಿಗೆ ಐಎಸ್ 401 ಎಂಬ ಭಾರತೀಯ ಮಾನಕವಿದೆ; ಯಾವ ದ್ರಾವಣ, ಘನಮೀಟರಿಗೆ ಎಷ್ಟು ಕಿಲೋ ಉಳಿದಿದೆ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಆಮೇಲೆ ಕೊಯ್ದ ತುದಿಗಳಿಗೂ ಕೊರೆದ ತೂತುಗಳಿಗೂ ಮತ್ತೆ ದ್ರಾವಣ ಹಚ್ಚಿಸಬೇಕು. ಕಂಬವನ್ನು ಮಣ್ಣಿಗೆ ಹೂಳದೆ ಕಲ್ಲಿನ ಮೇಲೆ ಕಬ್ಬಿಣದ ಪಾದ ಕೊಟ್ಟು ನಿಲ್ಲಿಸಿ. ತಾಮ್ರದ ದ್ರಾವಣ ಸಾದಾ ಮೊಳೆಗಳನ್ನು ತಿನ್ನುವುದರಿಂದ ದಪ್ಪ ಸತುವಿನ ಲೇಪದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಮೊಳೆಯೇ ಇರಲಿ. ಮರದ ಜಾತಿಯ ಬಗ್ಗೆಯೇ ಅನುಮಾನವಿದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ.

ಒಲೆಯ ವಿಚಾರ: ದ್ರಾವಣ ಕಾಣದ, ಬಣ್ಣ ಬಳಿಯದ ತುಂಡುಗಳನ್ನು ಬಚ್ಚಲೊಲೆಗೆ ಹಾಕಬಹುದು. ಅಂಟಿನಿಂದಾಗಿ ಮಸಿ ಹೆಚ್ಚು ಕಟ್ಟುತ್ತದೆ, ಹೊಗೆಗೂಡನ್ನು ಆಗಾಗ ಕೆರೆಸಿ. ದ್ರಾವಣ ತುಂಬಿದ ಮರವನ್ನು ಮಾತ್ರ ಎಂದಿಗೂ ಸುಡಬಾರದು. ಸಿಸಿಎ ಎಂಬ ದ್ರಾವಣದಲ್ಲಿ ತಾಮ್ರ, ಕ್ರೋಮಿಯಂಗಳ ಜೊತೆ ಆರ್ಸೆನಿಕ್ ಇರುತ್ತದೆ; ಸುಟ್ಟರೆ ಹೊಗೆಯೂ ವಿಷ, ಬೂದಿಯೂ ವಿಷ. ಅಂಥ ಮರದ ಹೊಟ್ಟನ್ನು ಕೊಟ್ಟಿಗೆಗೆ ಹಾಸಬೇಡಿ, ಕಾಫಿ ಗಿಡದ ಬುಡಕ್ಕೂ ಹಾಕಬೇಡಿ.