ಬಿಡಿಎಸ್ ಮುಗಿಸಿ ಫ್ಲೋರಿಡಾಕ್ಕೆ ಬಂದ ತಂಗಿಗೆ: ಹೈಜಿನಿಸ್ಟ್ ಆಗುವ ದಾರಿ

ದಾವಣಗೆರೆಯಲ್ಲಿ ಬಿಡಿಎಸ್ ಓದಿ, ಸ್ವಲ್ಪ ಕಾಲ ಕ್ಲಿನಿಕ್ ನೋಡಿಕೊಂಡು, ಮದುವೆಯಾಗಿ ಟ್ಯಾಂಪಾಕ್ಕೆ ಬಂದಿದ್ದೀಯ. "ಅಕ್ಕಾ, ಇಲ್ಲಿ ಮತ್ತೆ ಡೆಂಟಲ್ ಸ್ಕೂಲ್ ಸೇರುವಷ್ಟು ದುಡ್ಡಿಲ್ಲ. ಹೈಜಿನಿಸ್ಟ್ ಆಗಬಹುದಾ? ಡಾಕ್ಟರ್ ಆಗಿದ್ದವಳು ಹಲ್ಲು ಉಜ್ಜೋಕೆ ಹೋಗ್ತೀಯಾ ಅಂತ ಮನೆಯಲ್ಲಿ ಬೇಜಾರು" ಅಂತ ಕೇಳಿದ್ದೀಯ. ಅಕ್ಕ ಅಂದಿದ್ದೀಯಲ್ಲ, ಸಲಿಗೆಯಿಂದಲೇ ಬರೆಯುತ್ತೇನೆ.

ಖಂಡಿತ ಆಗಬಹುದು. ಹೈಜಿನಿಸ್ಟ್ ಅಂದರೆ ಹಲ್ಲು, ವಸಡು ಶುಚಿ ಮಾಡಿ ರೋಗ ಬರದಂತೆ ನೋಡಿಕೊಳ್ಳುವವರು. ಬಂದಿರುವ ರಾಜ್ಯವೂ ಸರಿಯಾಗಿದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಇಲ್ಲಿನ ಮಾನ್ಯತೆ ಪಡೆದ ಕಾಲೇಜಿನಲ್ಲೇ ಡೆಂಟಲ್ ಹೈಜೀನ್ ಓದಿರಬೇಕು. ಫ್ಲೋರಿಡಾದಲ್ಲಿ ಹಾಗಿಲ್ಲ. ಹೊರದೇಶದಲ್ಲಿ ದಂತವೈದ್ಯ ಪದವಿ ಪಡೆದವರು ಅದು ಇಲ್ಲಿನ ಪದವಿಗೆ ಸಮ ಅಂತ ತೋರಿಸಿದರೆ, ಮತ್ತೆ ಕಾಲೇಜಿಗೆ ಹೋಗದೆ ಹೈಜಿನಿಸ್ಟ್ ಲೈಸೆನ್ಸಿನ ಪರೀಕ್ಷೆಗಳಿಗೆ ಕೂರಬಹುದು.

ಆದರೆ ದುಡ್ಡು ಕಟ್ಟುವ ಮೊದಲು ಗಂಡನ ಜೊತೆ ಕೂತು ಮಾತಾಡು. ಈ ದಾರಿಯಲ್ಲಿ ಬಂದ ಫ್ಲೋರಿಡಾ ಲೈಸೆನ್ಸ್ ಬೇರೆ ಕಡೆ ಸುಲಭವಾಗಿ ನಡೆಯುವುದಿಲ್ಲ. ಮುಂದಿನ ವರ್ಷ ಅವರ ಕೆಲಸ ಟೆಕ್ಸಾಸಿಗೋ ನಾರ್ತ್ ಕ್ಯಾರೊಲಿನಾಕ್ಕೋ ಹೋದರೆ ನಿನ್ನ ಲೈಸೆನ್ಸ್ ಪೆಟ್ಟಿಗೆಯಲ್ಲೇ ಉಳಿದುಬಿಡಬಹುದು. ಇನ್ನೊಂದು ವೀಸಾ. ಎಚ್-4ನಲ್ಲಿ (ಎಚ್-1ಬಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ) ಇರುವವರು ಕೆಲಸದ ಅನುಮತಿ ಕೊಡುವ ಇಎಡಿ ಕಾರ್ಡ್ ಇಲ್ಲದೆ ಕೆಲಸ ಮಾಡುವಂತಿಲ್ಲ. ಅದಕ್ಕೆ ಅರ್ಜಿ ಹಾಕಲು ಸಾಮಾನ್ಯವಾಗಿ ಗಂಡನ ಐ-140, ಅಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ, ಪಾಸಾಗಿರಬೇಕು. ಪರೀಕ್ಷೆಗೆ ಓದುವುದಕ್ಕೆ ಏನೂ ಅಡ್ಡಿಯಿಲ್ಲ. ಕಾರ್ಡ್ ಬರುವಷ್ಟರಲ್ಲಿ ಪರೀಕ್ಷೆ ಮುಗಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಾಗದಪತ್ರದ ಕೆಲಸ ಇವತ್ತೇ ಶುರು ಮಾಡು. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿ, ಇಲ್ಲಿ ಮಿಲ್ವಾಕಿಯಲ್ಲಿರುವ, ಹೊರದೇಶದ ಪದವಿಗಳನ್ನು ಅಳೆಯುವ ಇಸಿಇ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಬೇಕು. ಬೆಂಗಳೂರಿನಲ್ಲಿ ಬೆನ್ನು ಹತ್ತಿ ಕೆಲಸ ಮಾಡಿಸಲು ತಮ್ಮನೋ ಗೆಳತಿಯೋ ಯಾರಾದರೂ ಇರಲಿ. ಜೊತೆಗೆ ನಿನ್ನ ಹೆಸರು ನೋಡಿಕೋ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಇಲ್ಲಿನ ಡ್ರೈವಿಂಗ್ ಲೈಸೆನ್ಸಿನಲ್ಲಿ ಗಂಡನ ಮನೆತನದ ಹೆಸರು. ನಮ್ಮವರಲ್ಲಿ ಇದು ಮಾಮೂಲು, ಅಲ್ವಾ? ಪರೀಕ್ಷಾ ಕೇಂದ್ರದಲ್ಲಿ ಐಡಿ ಹೆಸರು ಹೊಂದದಿದ್ದರೆ ಒಳಗೇ ಬಿಡುವುದಿಲ್ಲ. ಎಲ್ಲ ಕಡೆ ಒಂದೇ ಹೆಸರು ಮಾಡಿಕೊಂಡ ಮೇಲೆ ಅರ್ಜಿ ಹಾಕು.

ನ್ಯಾಷನಲ್ ಬೋರ್ಡ್ ಪರೀಕ್ಷೆ ಇಡೀ ದಿನದ್ದು. ಒಟ್ಟು 350 ಪ್ರಶ್ನೆ. ಮೊದಲ 200 ವಿಷಯವಾರು, ಉಳಿದ 150 ರೋಗಿಗಳ ಕೇಸ್ ಮೇಲೆ: ಎಕ್ಸ್‌ರೇ, ಫೋಟೊ, ವಸಡಿನ ಚಾರ್ಟ್ ಕೊಟ್ಟು ಕೇಳುತ್ತಾರೆ. ಪಾಸಾಗಲು 75 ಸ್ಕೋರ್ ಬೇಕು. ಇದು ಶೇಕಡಾವಾರು ಅಂಕವಲ್ಲ. ಬಿಡಿಎಸ್ ಓದಿದವರಿಗೆ ಅನಾಟಮಿ, ಪೆಥಾಲಜಿ ಕಷ್ಟವಿಲ್ಲ. ಎಡವುವುದು ಸಮುದಾಯ ಆರೋಗ್ಯ, ಅಂಕಿಅಂಶ, ಯಾವ ಇನ್‌ಸ್ಟ್ರುಮೆಂಟ್ ಯಾವ ಹಲ್ಲಿನ ಯಾವ ಮೈಗೆ ಅನ್ನುವ ಪ್ರಶ್ನೆಗಳಲ್ಲಿ. ಆಮೇಲೆ ಕೆಲಸದ ಕೌಶಲ ನೋಡುವ ಅಡೆಕ್ಸ್ ಅನ್ನುವ ಪರೀಕ್ಷೆ: ಒಂದು ಭಾಗ ಕಂಪ್ಯೂಟರಿನಲ್ಲಿ, ಇನ್ನೊಂದು ಕೈಕೆಲಸ. ಫ್ಲೋರಿಡಾದ ಕಾನೂನಿನ ಪರೀಕ್ಷೆಯೂ ಇದೆ. ಅದಕ್ಕೆ ಹೆದರಬೇಡ.

ಕೈಕೆಲಸದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಊರಲ್ಲಿ ನಾವು ಅಲ್ಟ್ರಾಸಾನಿಕ್ ಯಂತ್ರ ಹಿಡಿದು ಬೇಗಬೇಗ ಸ್ಕೇಲಿಂಗ್ ಮುಗಿಸಿ ಮುಂದಿನ ಪೇಷೆಂಟನ್ನು ಕರೆಯುತ್ತಿದ್ದೆವು. ಇಲ್ಲಿ ಒಬ್ಬರಿಗೆ ಸುಮಾರು ಒಂದು ಗಂಟೆ. ಗ್ರೇಸಿ ಕ್ಯೂರೆಟ್ ಅನ್ನುವ ಬಾಗಿದ ತುದಿಯ ಕೈಸಾಧನವನ್ನು ವಸಡಿನ ಕೆಳಗೆ ಇಳಿಸಿ, ಕಣ್ಣಿಗೆ ಕಾಣದ ಟಾರ್ಟರನ್ನು (ಹಲ್ಲಿಗೆ ಅಂಟಿದ ಗಟ್ಟಿ ಪಾಚಿಯನ್ನು) ಬೆರಳ ತುದಿಯಲ್ಲೇ ಗುರುತಿಸಬೇಕು. ಪ್ರತಿ ಹಲ್ಲಿಗೆ ಆರು ಕಡೆ ಪ್ರೋಬ್ ಅನ್ನುವ ಅಳತೆ ಕಡ್ಡಿ ಇಟ್ಟು, ವಸಡು ಹಲ್ಲಿನಿಂದ ಎಷ್ಟು ಮಿಲಿಮೀಟರ್ ಆಳ ಬಿಟ್ಟಿದೆ ಅನ್ನುವುದನ್ನು ಜೋರಾಗಿ ಹೇಳುತ್ತೇವೆ: "ಮೂರು, ಎರಡು, ಮೂರು." ಪಕ್ಕದಲ್ಲಿ ಅಸಿಸ್ಟೆಂಟ್ ಟೈಪ್ ಮಾಡುತ್ತಾಳೆ. "ಐದು, ರಕ್ತ ಬರ್ತಿದೆ" ಅಂದಾಗ ಕುರ್ಚಿಯಲ್ಲಿ ಮಲಗಿದವರ ಹುಬ್ಬು ಗಂಟಾಗುತ್ತದೆ. ಆಗ ಅವರಿಗೆ ಬಿಡಿಸಿ ಹೇಳಬೇಕು. ಅವರು ಮನೆಗೆ ಹೋಗಿ ದಿನಾ ಫ್ಲಾಸ್ ಮಾಡುತ್ತಾರೋ ಇಲ್ಲವೋ ಅನ್ನುವುದು ಆ ನಾಲ್ಕು ಮಾತಿನ ಮೇಲೆ ನಿಂತಿದೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಗಳಿಗೆ ಅದೇ.

ಡಾಕ್ಟರಾಗಿದ್ದವರಿಗೆ ನಿಜವಾದ ಕಷ್ಟ ನಾಲಿಗೆ ಹಿಡಿದುಕೊಳ್ಳುವುದು. ಎಕ್ಸ್‌ರೇಯಲ್ಲಿ ಹುಳುಕು ಎದ್ದು ಕಾಣುತ್ತಿರುತ್ತದೆ. ಆದರೂ "ಇಲ್ಲೊಂದು ಜಾಗ ನೋಡಬೇಕು, ಡಾಕ್ಟರ್ ಬಂದು ಹೇಳುತ್ತಾರೆ" ಅನ್ನಬೇಕು. ಊರಲ್ಲಿ ದಿನಾ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೂ, ಇಲ್ಲಿ ಹೈಜಿನಿಸ್ಟ್ ಆಗಿ ಕೊಡಬೇಕಾದರೆ 30 ಗಂಟೆ ಪಾಠ, 30 ಗಂಟೆ ಕ್ಲಿನಿಕಲ್ ತರಬೇತಿ ಮಾಡಿ ಸರ್ಟಿಫಿಕೇಟ್ ಪಡೆಯಬೇಕು. ಅದನ್ನು ಬೇಗ ಮಾಡಿಕೋ, ಕೆಲಸ ಸಿಗುವಾಗ ಅನುಕೂಲ.

ಮನೆಯವರ ಬೇಜಾರಿಗೆ ಇದನ್ನು ಹೇಳು. ಇದು ಡಾಕ್ಟರಿಗೆ ಸಾಮಾನು ಎತ್ತಿಕೊಡುವ ಕೆಲಸ ಅಲ್ಲ. 1913ರಲ್ಲಿ ಆಲ್ಫ್ರೆಡ್ ಫೋನ್ಸ್ ಅನ್ನುವ ದಂತವೈದ್ಯರು ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟಿನಲ್ಲಿ ಇದಕ್ಕೆಂದೇ ಶಾಲೆ ತೆರೆದರು. ಅಲ್ಲಿ ಕಲಿತವರು ಊರಿನ ಶಾಲೆಗಳಿಗೆ ಹೋಗಿ ಮಕ್ಕಳ ಹಲ್ಲು ನೋಡಿದರು. ಹಲ್ಲು ಕೀಳುವ ಸ್ಥಿತಿಗೆ ಬರದ ಹಾಗೆ ನೋಡಿಕೊಳ್ಳುವವರು ನಾವು. ಸಂಬಳವೂ ಗೌರವದ್ದೇ. 2024ರ ಸರ್ಕಾರಿ ಲೆಕ್ಕದಲ್ಲಿ ಅಮೆರಿಕದ ಹೈಜಿನಿಸ್ಟ್‌ಗಳ ಮಧ್ಯಾಂಕ ಸಂಬಳ ವರ್ಷಕ್ಕೆ ಸುಮಾರು 94 ಸಾವಿರ ಡಾಲರ್, ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು, ಅರ್ಧ ಕಡಿಮೆ ಗಳಿಸುತ್ತಾರೆ. ಹೊಸಬರಿಗೆ ಅಷ್ಟು ಬರುವುದಿಲ್ಲ.

ಕೆಲಸ ಒಪ್ಪುವ ಮೊದಲು ಮೂರು ವಿಷಯ ಕೇಳು. ಪೇಷೆಂಟ್ ಕ್ಯಾನ್ಸಲ್ ಮಾಡಿದರೆ ಆ ಗಂಟೆಯ ಸಂಬಳ ಕೊಡುತ್ತಾರಾ? ಹೆಲ್ತ್ ಇನ್ಶೂರೆನ್ಸ್ ಇದೆಯಾ? ನೌಕರರಿಗೆ ಕೊಡುವ ಡಬ್ಲ್ಯೂ-2 ತೆರಿಗೆ ಫಾರಂ ಕೊಡುತ್ತಾರಾ, ಅಥವಾ ಗುತ್ತಿಗೆಯವರಿಗೆ ಕೊಡುವ 1099 ಅಂತ ಬರೆದು ಟ್ಯಾಕ್ಸೆಲ್ಲ ನಿನ್ನ ತಲೆಗೆ ಕಟ್ಟುತ್ತಾರಾ? 1099 ಅಂದರೆ ನಯವಾಗಿ ಬೇಡ ಅನ್ನು. ಮೊದಲ ಸಂಬಳದಲ್ಲಿ ಒಳ್ಳೆಯ ಲೂಪ್ಸ್, ಅಂದರೆ ದೊಡ್ಡದಾಗಿ ತೋರಿಸುವ ಕನ್ನಡಕ, ಕೊಂಡುಕೋ. ಕುತ್ತಿಗೆ, ಮಣಿಕಟ್ಟು ಹಾಳು ಮಾಡಿಕೊಂಡು ನಲವತ್ತಕ್ಕೇ ಈ ಕೆಲಸ ಬಿಟ್ಟವರು ನನ್ನ ಗೆಳತಿಯರಲ್ಲೇ ಇದ್ದಾರೆ.

ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕಿ ನನಗೊಂದು ಫೋನ್ ಮಾಡು. ನನ್ನ ಹತ್ತಿರ ಅಭ್ಯಾಸದ ಹಲ್ಲಿನ ಸೆಟ್, ಹಳೆಯ ಕ್ಯೂರೆಟ್‌ಗಳು ಇವೆ. ಭಾನುವಾರ ಬಂದರೆ ಹಿಡಿಯುವ ರೀತಿ ತೋರಿಸಿಕೊಡುತ್ತೇನೆ. ಊಟ ಇಲ್ಲೇ ಮಾಡಿದರಾಯಿತು.